ಗ್ರಾಮ ಸಭೆಯಲ್ಲಿ ಮಾತು ಬೇರೆ ಕಡೆ ಹೊರಟಾಗ: ಹೊಸ ಅಧ್ಯಕ್ಷರಿಗೆ

ಗ್ರಾಮ ಸಭೆಯಲ್ಲಿ ವಿಷಯ ಬಿಟ್ಟು ಮಾತನಾಡುವವರಲ್ಲಿ ಹೆಚ್ಚಿನವರು ಸಭೆ ಕೆಡಿಸಲು ಬಂದವರಲ್ಲ. ಅವರಿಗೆ ಆ ಮಾತನ್ನು ಹೇಳಿಕೊಳ್ಳಲು ಬೇರೆ ಜಾಗ ಸಿಕ್ಕಿರುವುದಿಲ್ಲ. ಒಂದು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಇನ್ನೊಂದಕ್ಕೆ ಹೋದರೆ ನಾಳೆ ಬನ್ನಿ. ಹೀಗೆ ಅಲೆದವರಿಗೆ ಆರು ತಿಂಗಳಿಗೊಮ್ಮೆ ಕಂದಾಯ, ಕೃಷಿ, ಆರೋಗ್ಯ, ವಿದ್ಯುತ್ ಎಂದು ಎಲ್ಲ ಇಲಾಖೆಯವರೂ ಒಂದೇ ಶಾಮಿಯಾನದ ಕೆಳಗೆ ಸಾಲಾಗಿ ಕುಳಿತದ್ದು ಕಂಡರೆ ಮನಸ್ಸಿನಲ್ಲಿ ಇಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತದೆ. ಆಗ ನೀವು ಮೈಕ್ ಹಿಡಿದು ‘ಇದು ಈ ಸಭೆಯ ವಿಷಯವಲ್ಲ, ಕುಳಿತುಕೊಳ್ಳಿ’ ಎಂದರೆ ಅವರು ಕುಳಿತುಕೊಳ್ಳಬಹುದು. ಆದರೆ ಮುಂದಿನ ಸಭೆಗೆ ಬರುವುದಿಲ್ಲ, ಮನೆಯವರನ್ನೂ ಕಳಿಸುವುದಿಲ್ಲ.

ನಾನು ತುಮಕೂರು ಜಿಲ್ಲೆಯ ತೆಂಗು, ರಾಗಿಯ ಸೀಮೆಯವಳು. ಪಂಚಾಯಿತಿಯಲ್ಲಿ ಒಂದು ಅವಧಿಗೆ ಸದಸ್ಯೆಯಾಗಿದ್ದೆ, ಆಮೇಲೆ ಅಧ್ಯಕ್ಷೆಯಾದೆ. ಈಗ ಅಕ್ಕಪಕ್ಕದ ಪಂಚಾಯಿತಿಗಳಲ್ಲಿ ಹೊಸದಾಗಿ ಅಧ್ಯಕ್ಷರಾದ ಹೆಣ್ಣುಮಕ್ಕಳು ಮನೆಗೆ ಬರುತ್ತಾರೆ. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಅವರಿಗೆ ಪಿಡಿಒ, ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಹೇಳಿರುತ್ತಾರೆ, ತರಬೇತಿಯಲ್ಲೂ ಹೇಳಿರುತ್ತಾರೆ. ಅವರು ಕೇಳುವುದು ಬೇರೆ: ‘ಅಕ್ಕ, ಕುಡಿಯುವ ನೀರಿನ ಮಾತು ತೆಗೆದರೆ ಕೊಬ್ಬರಿ ರೇಟಿಗೆ ಹೋಗುತ್ತದೆ, ಅಲ್ಲಿಂದ ಬಗರ್ ಹುಕುಂ ಅರ್ಜಿಗೆ ಹೋಗುತ್ತದೆ, ಕೊನೆಗೆ ಇಬ್ಬರು ಜಗಳವಾಡಿ ಸಭೆ ಮುಗಿಯುತ್ತದೆ. ಏನು ಮಾಡಲಿ?’ ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಭೆಗೆ ಮುಂಚೆ

ಅರ್ಧದಷ್ಟು ವಿಷಯಾಂತರ ಹುಟ್ಟುವುದು ವಾರ್ಡ್ ಸಭೆ ನಡೆಯದೆ ಹೋದದ್ದರಿಂದ. ಕಾಯ್ದೆಯ ಪ್ರಕಾರ ವಾರ್ಡ್ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಆ ವಾರ್ಡಿನ ಸದಸ್ಯರೇ ಅದರ ಅಧ್ಯಕ್ಷತೆ ವಹಿಸಬೇಕು. ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಕೋರಂ, ಎಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ. ಇದು ದೊಡ್ಡ ಸಂಖ್ಯೆಯೇನೂ ಅಲ್ಲ, ಅರಳಿಕಟ್ಟೆಯ ಮೇಲೆ ಸಂಜೆ ಸೇರುವಷ್ಟು ಜನ. ಹಾಗಿದ್ದೂ ಎಷ್ಟೋ ಕಡೆ ಸಭೆ ನಡೆಸದೆ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಬರುತ್ತಾರೆ. ಅಂಥ ಕಡೆ ಆ ಬೀದಿಯ ನಲ್ಲಿ, ಈ ಬೀದಿಯ ದೀಪ, ಇನ್ನೊಬ್ಬರ ಮನೆ ಮುಂದಿನ ಚರಂಡಿ ಕಲ್ಲು ಎಲ್ಲವೂ ಗ್ರಾಮ ಸಭೆಗೇ ಬಂದು ಬೀಳುತ್ತವೆ. ಆದ್ದರಿಂದ ಅಧ್ಯಕ್ಷರಾದವರು ಗ್ರಾಮ ಸಭೆಯ ತಾರೀಖು ಗೊತ್ತುಮಾಡುವ ಮೊದಲು ಎಲ್ಲ ವಾರ್ಡ್ ಸಭೆಗಳು ನಿಜವಾಗಿ ನಡೆದಿವೆಯೇ ಎಂದು ನೋಡಬೇಕು. ಒಂದೆರಡಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಬಾಯಿ ಹಾಕಬೇಡಿ, ಅದು ಆ ಸದಸ್ಯರ ಸಭೆ.

ಇನ್ನು ಅಜೆಂಡಾ. ‘ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆಗೆ ಅನುಮೋದನೆ ಪಡೆಯುವ ಬಗ್ಗೆ’ ಎಂದು ನೋಟೀಸಿನಲ್ಲಿ ಬರೆದರೆ ಅದು ಕಡತಕ್ಕೆ ಸಾಕು, ಊರಿನವರಿಗೆ ಸಾಲದು. ವಿಷಯ ಏನೆಂದೇ ತಿಳಿಯದವರು ವಿಷಯ ಬಿಟ್ಟು ಮಾತನಾಡಿದರು ಎಂದು ದೂರುವುದರಲ್ಲಿ ನ್ಯಾಯವಿಲ್ಲ. ಅದರ ಕೆಳಗೇ ಇನ್ನೊಂದು ಸಾಲು ಬರೆಸಿ: ‘ಈ ವರ್ಷ ಬಂದ ಹಣದಲ್ಲಿ ಯಾವ ಊರಿನ ನೀರಿನ ಕೆಲಸ, ಯಾವ ಬೀದಿಯ ಚರಂಡಿ ಮೊದಲು ಮಾಡಬೇಕು?’ ಡಂಗುರದವರ ಬಾಯಲ್ಲೂ ಇದೇ ಸಾಲು ಬರಲಿ. ಹಾಲಿನ ಡೈರಿಯ ಗೋಡೆ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಈ ಮೂರು ಕಡೆ ನೋಟೀಸು ಅಂಟಿಸಿದರೆ ಓದದವರ ಕಿವಿಗೂ ಬೀಳುತ್ತದೆ.

ವಿಷಯಗಳ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಗ್ರಾಮ ಸಭೆಗೆ ಜನ ಸೇರುವುದು ಹೆಚ್ಚಾಗಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಗೆ. ಅದನ್ನು ಮೊದಲೇ ಓದಿಬಿಟ್ಟರೆ ಹೆಸರು ಬಂದವರು ಎದ್ದು ಹೋಗುತ್ತಾರೆ, ಹೆಸರು ಬಾರದವರು ಉಳಿದ ಸಭೆಯುದ್ದಕ್ಕೂ ಅದನ್ನೇ ಎತ್ತುತ್ತಾರೆ. ಕೊನೆಗೆ ಇಟ್ಟರೆ ಯಾರ ಮನಸ್ಸೂ ಬೇರೆ ವಿಷಯದಲ್ಲಿ ನಿಲ್ಲುವುದಿಲ್ಲ, ‘ಮನೆ ಪಟ್ಟಿ ಯಾವಾಗ?’ ಎಂಬ ಕೂಗು ಪ್ರತಿ ಮಾತಿನ ನಡುವೆ ಬರುತ್ತದೆ. ನಾನು ಅದನ್ನು ಎರಡನೆಯ ವಿಷಯವಾಗಿ ಇಡುತ್ತಿದ್ದೆ. ಮೊದಲನೆಯದು ಕುಡಿಯುವ ನೀರು. ನೀರಿನ ಮಾತಿಗೆ ಎಲ್ಲರೂ ಕಿವಿ ಕೊಡುತ್ತಾರೆ, ತಡವಾಗಿ ಬರುವವರೂ ಅಷ್ಟರಲ್ಲಿ ಬಂದು ಸೇರುತ್ತಾರೆ. ಪಟ್ಟಿಯ ಬೆನ್ನಿಗೇ ಹಿಂದಿನ ವರ್ಷದ ಜಮಾ ಖರ್ಚು. ಪಟ್ಟಿಗೆ ಬಂದ ಜನ ಅಷ್ಟು ಬೇಗ ಕರಗುವುದಿಲ್ಲವಾದ್ದರಿಂದ ಲೆಕ್ಕವೂ ಅವರ ಎದುರಿಗೇ ಆಗುತ್ತದೆ. ಗ್ರಾಮ ಸಭೆಯ ಕೋರಂ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಅದರಲ್ಲಿ ಮಹಿಳೆಯರು ಶೇಕಡ 30ಕ್ಕೆ ಕಡಿಮೆ ಇರಬಾರದು. ಈ ಸಂಖ್ಯೆಯನ್ನು ಸಭೆಯ ಆರಂಭದಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ, ಲೆಕ್ಕದ ವಿಷಯ ಬಂದಾಗಲೂ ಒಮ್ಮೆ ಕಣ್ಣಾಡಿಸಿ.

ಇಲಾಖೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ: ಒಬ್ಬೊಬ್ಬರಿಗೆ ಮೂರು ನಿಮಿಷ. ಯೋಜನೆಗಳ ಪರಿಚಯ ಎಂಬ ಹೆಸರಿನಲ್ಲಿ ಒಬ್ಬ ಅಧಿಕಾರಿ ಅರ್ಧ ಗಂಟೆ ಮಾತನಾಡುವುದೂ ವಿಷಯಾಂತರವೇ. ಊರಿನವರು ವಿಷಯ ಬಿಟ್ಟರೆ ತಡೆಯುತ್ತೇವೆ, ಅಧಿಕಾರಿ ಬಿಟ್ಟರೆ ಚಪ್ಪಾಳೆ ತಟ್ಟುತ್ತೇವೆ. ಇದು ಸಲ್ಲದು. ಕರಪತ್ರಗಳಿದ್ದರೆ ಮೇಜಿನ ಮೇಲೆ ಇಡಲಿ, ಬೇಕಾದವರು ಕೇಳಿಕೊಳ್ಳುತ್ತಾರೆ. ಶಾಲು, ಹಾರ, ಸನ್ಮಾನಗಳನ್ನು ಗ್ರಾಮ ಸಭೆಯಲ್ಲಿ ಇಡಲೇಬೇಡಿ.

ಅಹವಾಲು ಪುಸ್ತಕ

ನಡಾವಳಿ ಪುಸ್ತಕ ಹೇಗೂ ಇರುತ್ತದೆ. ಅದರ ಜೊತೆಗೆ ಇನ್ನೊಂದು ಉದ್ದನೆಯ ನೋಟ್ ಪುಸ್ತಕ ತರಿಸಿ. ಹೆಸರು, ಊರು, ವಿಷಯ, ಯಾವ ಇಲಾಖೆ, ಯಾರು ಉತ್ತರ ಕೊಡಬೇಕು, ಎಂದಿಗೆ, ಏನಾಯಿತು ಎಂದು ಗೆರೆ ಹಾಕಿಸಿ. ಕೊನೆಯ ಅಂಕಣ ಖಾಲಿ ಇರಲಿ. ಇದಕ್ಕೆ ವೇದಿಕೆಯ ಪಕ್ಕದಲ್ಲಿ ಬೇರೆ ಮೇಜು, ಬೇರೆ ಕುರ್ಚಿ, ಮತ್ತು ದುಂಡಗೆ ಬರೆಯುವ ಒಬ್ಬರು. ನಮ್ಮಲ್ಲಿ ಗ್ರಂಥಾಲಯದ ಮೇಲ್ವಿಚಾರಕರು ಆ ಕೆಲಸ ಮಾಡುತ್ತಿದ್ದರು. ಊರಿನ ಪ್ರತಿಯೊಬ್ಬರ ಗುರುತೂ ಅವರಿಗಿತ್ತು, ಯಾವ ಪಕ್ಷದವರೂ ಅವರ ಮೇಲೆ ಸಂಶಯಪಡುತ್ತಿರಲಿಲ್ಲ.

ಕೆರೆಗೆ ಕೋಡಿ ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ. ಸಭೆಗೆ ಈ ಪುಸ್ತಕವೇ ಕೋಡಿ. ಅಜೆಂಡಾದಲ್ಲಿಲ್ಲದ ಮಾತು ಬಂದ ಕೂಡಲೇ ಅದನ್ನು ತಳ್ಳಿಹಾಕದೆ, ಚರ್ಚೆಗೂ ಎಳೆದುಕೊಳ್ಳದೆ, ಪುಸ್ತಕಕ್ಕೆ ಕಳಿಸಬೇಕು. ಕಳಿಸುವ ರೀತಿ ಮುಖ್ಯ. ‘ಅಲ್ಲಿ ಬರೆಸಿ ಹೋಗಿ’ ಎಂದರೆ ಅದೂ ಇನ್ನೊಂದು ಕಚೇರಿಯ ‘ನಾಳೆ ಬನ್ನಿ’ ಆಗುತ್ತದೆ.

ನೀರಿನ ಟ್ಯಾಂಕಿನ ವಿಷಯ ನಡೆಯುತ್ತಿದ್ದಾಗ ವಯಸ್ಸಾದವರೊಬ್ಬರು ಎದ್ದು ನಿಂತರು. ‘ನನ್ನ ಅರ್ಜಿ ಏನಾಯಿತು, ತಾಯಿ?’ ಅದು ಬಗರ್ ಹುಕುಂ ಅರ್ಜಿ, ಎಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಕೊಟ್ಟ ಅರ್ಜಿ. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆಗಳಲ್ಲಿ ಹರಿಯಲು ಶುರುವಾಗಿದ್ದ ಸ್ವೀಕೃತಿ ಚೀಟಿ. ಸುತ್ತಲಿದ್ದವರು ‘ಕೂತ್ಕೊಳಪ್ಪ’ ಎಂದು ಪಂಚೆ ಎಳೆಯುತ್ತಿದ್ದರು. ಸಾಗುವಳಿ ಸಕ್ರಮದ ಅರ್ಜಿಗಳನ್ನು ತೀರ್ಮಾನಿಸುವುದು ಶಾಸಕರು ಅಧ್ಯಕ್ಷರಾಗಿರುವ ತಾಲ್ಲೂಕು ಸಮಿತಿ. ಗ್ರಾಮ ಸಭೆ ಅದರಲ್ಲಿ ಏನನ್ನೂ ಮಂಜೂರು ಮಾಡಲಾರದು. ನಾನು ಅವರಿಗೆ ಹೇಳಿದ್ದು ಇಷ್ಟು: ‘ಯಜಮಾನರೇ, ಜಮೀನು ಕೊಡುವ ಅಧಿಕಾರ ಈ ಸಭೆಗಿಲ್ಲ. ನಿಮ್ಮ ಅರ್ಜಿ ಎಲ್ಲಿದೆ ಎಂದು ಕೇಳಿ ತಿಳಿಸುವ ಹೊಣೆ ನಮ್ಮದು. ಆ ಮೇಜಿನ ಹತ್ತಿರ ಕುಳಿತು ಚೀಟಿ ತೋರಿಸಿ, ಬರೆದದ್ದನ್ನು ನಾನೇ ಎಲ್ಲರ ಮುಂದೆ ಓದುತ್ತೇನೆ.’ ಗ್ರಾಮ ಲೆಕ್ಕಾಧಿಕಾರಿಗೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಲು ಹೇಳಿದೆ. ಟ್ಯಾಂಕಿನ ವಿಷಯ ಮುಗಿಯುವ ಮುನ್ನ ಪುಸ್ತಕ ಬಂತು. ಓದಿದೆ: ಹೆಸರು, ಸರ್ವೆ ನಂಬರು, ಫಾರಂ 57ರ ಅರ್ಜಿ, ಸ್ವೀಕೃತಿಯ ತಾರೀಖು, ‘ಅರ್ಜಿಯ ಸ್ಥಿತಿಯನ್ನು ಗ್ರಾಮ ಲೆಕ್ಕಾಧಿಕಾರಿ ಒಂದು ತಿಂಗಳೊಳಗೆ ತಿಳಿಸುವುದು.’ ಸರಿ ಇದೆಯೇ ಎಂದು ಅವರನ್ನೇ ಕೇಳಿದೆ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು, ತಿದ್ದಿಸಿದರು. ಆಮೇಲೆ ಅವರು ಕುಳಿತರು, ಕುಳಿತವರೇ ಟ್ಯಾಂಕಿನ ಮಾತಿಗೂ ಬಂದರು. ಹಳೆಯ ಪೈಪ್ ಹೂಳಿಸುವಾಗ ಕೂಲಿಗೆ ಹೋದವರು ಅವರು. ವಾಲ್ವ್ ಎಲ್ಲಿದೆ ಎಂಬುದು ಆ ಸಭೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಇದರಲ್ಲಿ ಬಿಡಬಾರದ ಅಂಶಗಳನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಕೈಯಲ್ಲಿ ಏನಿಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು, ಆಸೆ ಹುಟ್ಟಿಸಬಾರದು. ಏನು ಮಾಡಬಲ್ಲೆವು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಬರೆದದ್ದನ್ನು ಮೈಕಿನಲ್ಲಿ ಓದಿ ಹೇಳಬೇಕು. ಉತ್ತರ ಕೊಡಬೇಕಾದವರ ಹುದ್ದೆಯನ್ನು ಅವರ ಎದುರಿಗೇ ಹೇಳಬೇಕು. ಓದುವುದಕ್ಕೆ ಒಂದು ನಿಮಿಷ ಸಾಕು. ಅದನ್ನು ಉಳಿಸಲು ಹೋದರೆ ಅದೇ ಮನುಷ್ಯ ನಾಲ್ಕು ಸಲ ಏಳುತ್ತಾರೆ, ಏಳುವ ಹಕ್ಕೂ ಅವರಿಗೆ ಇರುತ್ತದೆ.

ಕೊಬ್ಬರಿ ಬೆಲೆಯ ಮಾತಿಗೂ ಇದೇ ದಾರಿ. ತಿಪಟೂರಿನ ಹರಾಜಿನಲ್ಲಿ ಬೆಲೆ ಇಳಿದ ವಾರ ಸಭೆ ಇಟ್ಟುಕೊಂಡರೆ ಅದು ಬಂದೇ ಬರುತ್ತದೆ. ಬೆಂಬಲ ಬೆಲೆ ನಿಗದಿಯಾಗುವುದು ದೆಹಲಿಯಲ್ಲಿ, ನಮ್ಮ ಶಾಮಿಯಾನದ ಕೆಳಗೆ ಒಂದು ರೂಪಾಯಿಯೂ ಏರುವುದಿಲ್ಲ. ಆದರೂ ತೆಂಗನ್ನೇ ನಂಬಿದ ಊರಿನಲ್ಲಿ ಆ ಮಾತನ್ನು ಬೇಡದ ಮಾತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬರು ಎಲ್ಲರ ಪರವಾಗಿ ಹೇಳಲಿ, ಖರೀದಿ ಕೇಂದ್ರದ ನೋಂದಣಿಯಂಥ ಊರಿಗೆ ಹತ್ತಿರದ ತೊಂದರೆ ಏನಿದೆಯೋ ಅದನ್ನು ಪುಸ್ತಕದಲ್ಲಿ ಬರೆಸಲಿ, ಮುಂದಿನ ವಿಷಯಕ್ಕೆ ಹೋಗಿ.

ವಿಷಯಾಂತರ ಎಂದು ಕಂಡದ್ದೆಲ್ಲ ವಿಷಯಾಂತರವಲ್ಲ

ಚರಂಡಿಯ ಚರ್ಚೆ ನಡೆಯುತ್ತಿದೆ ಎಂದುಕೊಳ್ಳಿ. ಒಬ್ಬ ಹೆಣ್ಣುಮಗಳು ಎದ್ದು ಪೆಟ್ಟಿಗೆ ಅಂಗಡಿಯಲ್ಲಿ ಹೆಂಡ ಮಾರುತ್ತಾರೆ ಎಂದು ಶುರು ಮಾಡುತ್ತಾಳೆ. ಗಂಡಸರ ಕಡೆಯಿಂದ ‘ಚರಂಡಿ ಮಾತು ಆಡಮ್ಮ’ ಎಂಬ ದನಿ ಏಳುತ್ತದೆ. ಇಂಥಲ್ಲಿ ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಬೇಕು: ‘ಚರಂಡಿಗೂ ಅದಕ್ಕೂ ಏನು ಸಂಬಂಧ, ಹೇಳಮ್ಮ.’ ಗದರಿಸುವ ದನಿಯಲ್ಲಿ ಕೇಳಬಾರದು, ತಿಳಿದುಕೊಳ್ಳುವ ದನಿಯಲ್ಲಿ ಕೇಳಬೇಕು. ನಮ್ಮಲ್ಲಿ ಹೀಗೆ ಕೇಳಿದಾಗ ಬಂದ ಉತ್ತರ: ಅಂಗಡಿಯ ಹಿಂದೆ ಎಸೆದ ಸ್ಯಾಚೆಟ್ಟು, ಬಾಟಲಿಗಳೇ ಮೋರಿಗೆ ಅಡ್ಡವಾಗಿ ಮೇಲಿನ ಬೀದಿಯ ನೀರೆಲ್ಲ ಅವಳ ಹಟ್ಟಿಗೆ ನುಗ್ಗುತ್ತಿತ್ತು. ಎಂಜಿನಿಯರು ಅಲ್ಲಿಗೆ ಹೊಸ ಚರಂಡಿಯ ಅಂದಾಜು ಮಾಡಿಕೊಂಡು ಬಂದಿದ್ದರು. ಬೇಕಾಗಿದ್ದದ್ದು ಮೋರಿ ಸ್ವಚ್ಛ ಮಾಡುವುದು ಮತ್ತು ಅಂಗಡಿಯ ಮೇಲೆ ಕ್ರಮಕ್ಕೆ ಬರೆಯುವುದು. ಹಣ ಬೇರೆ ಬೀದಿಗೆ ಹೋಯಿತು.

ಹೆಂಗಸರ ಮಾತನ್ನು ವಿಷಯಾಂತರ ಎಂದು ಕತ್ತರಿಸುವುದು ಬಹಳ ಬೇಗ ನಡೆಯುತ್ತದೆ, ಏಕೆಂದರೆ ಅವರು ವಿಷಯವನ್ನು ಮನೆಯ ಕಡೆಯಿಂದ ಹೇಳಲು ಶುರು ಮಾಡುತ್ತಾರೆ. ಎರಡು ವಾಕ್ಯ ಕಾಯಿರಿ. ಮೈಕನ್ನು ವೇದಿಕೆಯ ಹತ್ತಿರ ಕಟ್ಟಿಹಾಕಬೇಡಿ. ವೈರ್ ಉದ್ದವಿರುವ ಮೈಕ್ ತರಿಸಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟು ಹೆಂಗಸರ ಸಾಲಿನೊಳಗೆ ಕಳಿಸಿ. ಎದ್ದು ನಡೆದು ಮುಂದೆ ಬಂದು ಮಾತನಾಡಿ ಎಂದರೆ ಬರುವವರು ನಾಲ್ವರು, ಆ ನಾಲ್ವರು ಪ್ರತಿ ಸಲವೂ ಅವರೇ. ಮಹಿಳಾ ಗ್ರಾಮ ಸಭೆಯನ್ನು ಮುಖ್ಯ ಸಭೆಗೆ ಮೊದಲೇ ನಡೆಸಿ, ಅಲ್ಲಿ ಬಂದದ್ದನ್ನು ಇಲ್ಲಿನ ಅಜೆಂಡಾಕ್ಕೆ ಸೇರಿಸಿ. ಅಲ್ಲಿ ಮಾತನಾಡಿದವರು ಇಲ್ಲಿ ಅಂಜುವುದಿಲ್ಲ.

ಬೇಕೆಂದೇ ದಾರಿ ತಪ್ಪಿಸುವವರು

ಎಲ್ಲರೂ ಅಮಾಯಕರಲ್ಲ ಎಂಬುದನ್ನೂ ಹೇಳಬೇಕು. ಜಮಾ ಖರ್ಚು ಓದಲು ಶುರು ಮಾಡಿದ ಕೂಡಲೇ ಹಿಂದಿನ ಸಾಲಿನಲ್ಲಿ ದೇವಸ್ಥಾನದ ಜಾಗದ ಮಾತೋ, ಹೋದ ಚುನಾವಣೆಯ ಮಾತೋ ಏಳುತ್ತದೆ. ಇಬ್ಬರು ಎದ್ದು ನಿಲ್ಲುತ್ತಾರೆ, ಗದ್ದಲವಾಗುತ್ತದೆ. ಆ ಗದ್ದಲದಲ್ಲಿ ‘ಸಭೆ ಒಪ್ಪಿತು’ ಎಂದು ಬರೆದು ಮುಗಿಸಿದರೆ ಯಾವ ಕಾಮಗಾರಿಗೆ ಎಷ್ಟು ಬಿಲ್ಲಾಯಿತು ಎಂದು ಕೇಳುವವರೇ ಇರುವುದಿಲ್ಲ. ಅಹವಾಲು ಯಾವ ವಿಷಯದ ನಡುವೆ ಬೇಕಾದರೂ ಬರುತ್ತದೆ. ಬೇಕೆಂದು ಎಬ್ಬಿಸುವ ಗಲಾಟೆ ಮಾತ್ರ ಲೆಕ್ಕದ ಹೊತ್ತಿಗೆ, ಕಾಮಗಾರಿಯ ಹೊತ್ತಿಗೆ ಬರುತ್ತದೆ. ಇದನ್ನು ಗಮನಿಸುತ್ತಿದ್ದರೆ ಯಾರು ಯಾಕೆ ಕೂಗುತ್ತಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ.

ಗದ್ದಲದ ನಡುವೆ ಒಂದು ಠರಾವನ್ನೂ ಬರೆಸಬೇಡಿ. ಇದೊಂದನ್ನು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಓದುತ್ತಿರುವವರನ್ನು ನಿಲ್ಲಿಸಿ, ಮೈಕ್ ಆರಿಸಿ, ನೀವು ಎದ್ದು ನಿಲ್ಲಿ. ಕೂಗಿಗೆ ಕೂಗು ಸೇರಿಸಬೇಡಿ. ಅಧ್ಯಕ್ಷರು ಸುಮ್ಮನೆ ನಿಂತರೆ ಮುಂದಿನ ಸಾಲುಗಳು ಮೊದಲು ಸುಮ್ಮನಾಗುತ್ತವೆ, ಆಮೇಲೆ ಹಿಂದಿನವರಿಗೆ ತಮ್ಮ ದನಿ ತಮಗೇ ಕೇಳಿಸುತ್ತದೆ. ಅದಾಗದಿದ್ದರೆ ಹತ್ತು ನಿಮಿಷ ಬಿಡುವು ಎಂದು ಹೇಳಿ ಟೀ ಕೊಡಿಸಿ. ಮತ್ತೆ ಸೇರಿದಾಗ ನಿಲ್ಲಿಸಿದ ಸಾಲಿನಿಂದಲೇ ಲೆಕ್ಕ ಓದಿಸಿ, ಒಂದು ಸಾಲನ್ನೂ ಹಾರಿಸದೆ. ಗಲಾಟೆಯಿಂದ ಲೆಕ್ಕ ತಪ್ಪಿಸಿಕೊಳ್ಳಲಾಗದು ಎಂದು ಒಂದೆರಡು ಸಭೆಗಳಲ್ಲಿ ಮನದಟ್ಟಾದರೆ ಗಲಾಟೆ ಮಾಡಿಸುವವರ ಉತ್ಸಾಹ ಇಳಿಯುತ್ತದೆ.

ಪ್ರತಿ ಸಭೆಯಲ್ಲೂ ಮೈಕ್ ಹಿಡಿದರೆ ಬಿಡದ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಸಭೆಯಲ್ಲಿ ಅವರನ್ನು ತಡೆದು ಅವಮಾನ ಮಾಡಬೇಡಿ. ಹಿಂದಿನ ಸಂಜೆ ಅವರ ಮನೆಗೆ ಹೋಗಿ. ಅಲ್ಲಿ ಹೇಳುವುದನ್ನೆಲ್ಲ ಹೇಳಲಿ, ಕೇಳಿಸಿಕೊಳ್ಳಿ. ಆಮೇಲೆ ಒಂದು ಕೆಲಸ ಕೊಡಿ: ‘ಹಿಂದಿನ ಸಭೆಯ ತೀರ್ಮಾನಗಳನ್ನು ನಾಳೆ ನೀವೇ ಓದಿ, ಅಣ್ಣ.’ ಅವರಿಗೆ ದನಿ ಇದೆ, ಓದು ಬರುತ್ತದೆ, ಊರಿನ ಮೇಲೆ ಅಭಿಮಾನವೂ ಇದೆ. ಎಷ್ಟೋ ಸಲ ಅವರಿಗೆ ಬೇಕಾಗಿರುವುದೂ ಅಷ್ಟೇ.

ಪಕ್ಷ ರಾಜಕೀಯಕ್ಕೆ ನನ್ನದು ಒಂದೇ ನಿಯಮವಾಗಿತ್ತು, ಸಭೆಯ ಆರಂಭದಲ್ಲೇ ಹೇಳಿಬಿಡುತ್ತಿದ್ದೆ: ಇಲ್ಲಿ ಇಲ್ಲದವರ ಹೆಸರು ಎತ್ತುವಂತಿಲ್ಲ, ಹೊಗಳುವುದಕ್ಕೂ ತೆಗಳುವುದಕ್ಕೂ. ದಾಯಾದಿಗಳ ಬದು ಜಗಳವನ್ನು ಸಭೆಗೆ ತರುವವರಿಗೆ, ಸಭೆ ಮುಗಿದ ಮೇಲೆ ನಾನೂ ಆ ವಾರ್ಡಿನ ಸದಸ್ಯರೂ ನಿಮ್ಮ ಮನೆಗೆ ಬರುತ್ತೇವೆ ಎಂದು ಹೇಳಬೇಕು. ಹೇಳಿದ ಮೇಲೆ ಹೋಗಲೇಬೇಕು. ಕುಡಿದು ಬಂದವರ ಜೊತೆ ಮೈಕಿನಲ್ಲಿ ಮಾತಿಗಿಳಿಯಬಾರದು, ಅವರ ಕಡೆಯವರೊಬ್ಬರು ಕೈ ಹಿಡಿದು ಕರೆದುಕೊಂಡು ಹೋಗಲಿ.

ಕೆಲವು ವಿಷಯಗಳು ಪುಸ್ತಕದ ಒಂದು ಸಾಲಿನಲ್ಲಿ ಹಿಡಿಸುವಂಥವಲ್ಲ. ಕಲ್ಲು ಗಣಿಯ ಲಾರಿಗಳಿಂದ ರಸ್ತೆ ಹಾಳಾಗಿದೆ, ಸ್ಮಶಾನಕ್ಕೆ ಜಾಗವಿಲ್ಲ ಎಂಬಂಥವು. ಇವುಗಳನ್ನು ಬೇರೆ ವಿಷಯದ ನಡುವೆ ತುರುಕಿದರೆ ಎರಡೂ ಕೆಡುತ್ತವೆ. ಗ್ರಾಮ ಸಭೆಯ ಶೇಕಡ 10ರಷ್ಟು ಸದಸ್ಯರು, ಎಂದರೆ ಮತದಾರರು, ವಿಷಯ ನಮೂದಿಸಿ ಕೇಳಿದರೆ ವಿಶೇಷ ಗ್ರಾಮ ಸಭೆ ಕರೆಯಬೇಕೆಂದು ಕಾಯ್ದೆಯಲ್ಲೇ ಇದೆ. ಆ ಮಾತನ್ನು ಎತ್ತಿದವರಿಗೆ ಇದನ್ನು ಅಲ್ಲೇ ತಿಳಿಸಿ, ಸಹಿ ಸಂಗ್ರಹಕ್ಕೆ ಖಾಲಿ ಹಾಳೆ ಕೊಟ್ಟು ಕಳಿಸಿ. ಹಾಗೆ ಬಂದ ಸಭೆಯನ್ನು ಹೊರೆ ಎಂದುಕೊಳ್ಳಬೇಡಿ. ಜನ ತಾವಾಗಿ ವಿಷಯ ಹಿಡಿದು ಕರೆದ ಸಭೆಯಲ್ಲಿ ಮಾತು ಅತ್ತಿತ್ತ ಹೋಗುವುದು ಬಹಳ ಕಡಿಮೆ.

ಸಭೆ ಮುಗಿಸುವಾಗ

ತೀರ್ಮಾನಗಳನ್ನು ಅಲ್ಲೇ ಓದಿ, ಅಲ್ಲೇ ಸಹಿ. ಖಾಲಿ ಪುಟದ ಕೆಳಗೆ ಸಹಿ ಹಾಕಿಸಿಕೊಂಡು ‘ಆಮೇಲೆ ಬರೆದುಕೊಳ್ಳುತ್ತೇವೆ’ ಎನ್ನುವುದಕ್ಕೆ ಅವಕಾಶ ಕೊಡಬೇಡಿ, ನಿಮ್ಮ ಸಹಿಯನ್ನಂತೂ ಖಂಡಿತ ಹಾಕಬೇಡಿ. ಎಷ್ಟು ಅಹವಾಲು ಬಂದವು, ಯಾವ ಇಲಾಖೆಗೆ ಎಷ್ಟು ಎಂಬುದನ್ನೂ ಹೇಳಿ ಮುಗಿಸಿ.

ಮರುದಿನ ಬೆಳಿಗ್ಗೆ ಪಿಡಿಒ ಜೊತೆ ಕುಳಿತು ಇಲಾಖೆವಾರು ಪತ್ರಗಳನ್ನು ಬರೆಸಿ. ಒಂದು ಇಲಾಖೆಗೆ ಒಂದೇ ಪತ್ರ, ಅದರಲ್ಲಿ ಎಲ್ಲ ಹೆಸರುಗಳ ಪಟ್ಟಿ, ಮತ್ತು ಸಭೆಯಲ್ಲಿ ಅವರ ಕಡೆಯವರು ಒಪ್ಪಿಕೊಂಡ ತಾರೀಖು. ಪ್ರತಿಯನ್ನು ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿಸಿ. ಉತ್ತರ ಬಂದ ಹಾಗೆ ಪುಸ್ತಕದ ಕೊನೆಯ ಅಂಕಣ ತುಂಬಿಸುತ್ತಾ ಹೋಗಿ, ಆ ಮನೆಗೂ ಹೇಳಿ ಕಳಿಸಿ. ನೀರುಗಂಟಿ ದಿನವೂ ಎಲ್ಲ ಬೀದಿ ಓಡಾಡುತ್ತಾರೆ, ಅವರ ಕೈಯಲ್ಲಿ ಚೀಟಿ ಕೊಟ್ಟರೆ ಸಾಕು.

ಮುಂದಿನ ಗ್ರಾಮ ಸಭೆಯಲ್ಲಿ ಕೋರಂ ಎಣಿಸಿದ ಮೇಲೆ, ನೀರಿನ ವಿಷಯಕ್ಕೂ ಮೊದಲು, ಆ ಪುಸ್ತಕ ತೆಗೆದು ಓದಿ. ಉತ್ತರ ಬಂದವನ್ನು ಬೇಗ ಬೇಗ ಓದಬಹುದು. ಉತ್ತರ ಬಾರದವನ್ನು ನಿಧಾನವಾಗಿ ಓದಿ: ಯಾರ ಅಹವಾಲು, ಯಾವ ಇಲಾಖೆ, ಪತ್ರ ಹೋದ ತಾರೀಖು ಯಾವುದು, ನೆನಪೋಲೆ ಹೋದದ್ದು ಯಾವತ್ತು. ಆ ಇಲಾಖೆಯವರು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ಮೈಕನ್ನು ಅವರ ಕಡೆ ಸರಿಸಿ.